ಸುತ್ತೋವಾಗ ಸರಿ, ನಿಂತ್ಮೇಲೆ ಯಾಕೆ ತಲೆ ತಿರುಗುತ್ತೆ? ಏಳು ವರ್ಷದ ಮಗಳಿಗೆ ಹೇಗೆ ಹೇಳೋದು?

ಸರಸ್ವತಿಪುರಂ_ಅಮ್ಮ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು ಅನ್ಸಬಹುದು ಆದ್ರೆ ನಾಲ್ಕು ದಿನದಿಂದ ನನ್ನನ್ನ ಬಿಟ್ಟಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ. ಹೋದ ಭಾನುವಾರ ಮಕ್ಕಳನ್ನ ದಸರಾ ವಸ್ತುಪ್ರದರ್ಶನಕ್ಕೆ ಕರ್ಕೊಂಡು ಹೋಗಿದ್ವಿ. ಅಲ್ಲಿ ದೊಡ್ಡ ಕಪ್ ಒಳಗೆ ಕೂತು ಗಿರಗಿರ ಸುತ್ತೋ ಆಟ ಇರುತ್ತಲ್ಲ, ಅದರಲ್ಲಿ ಮಗಳನ್ನ ಕೂರಿಸಿದ್ವಿ. ಸುತ್ತೋ ಅಷ್ಟು ಹೊತ್ತೂ ಕೇಕೆ ಹಾಕ್ಕೊಂಡು ಆರಾಮಾಗಿದ್ಲು, ಕೆಳಗಿಳಿದು ಎರಡು ಹೆಜ್ಜೆ ಇಟ್ಲು ಅಷ್ಟೇ, ಪಕ್ಕದ ಕಬ್ಬಿಣದ ಬೇಲಿ ಎರಡೂ ಕೈಲಿ ಹಿಡ್ಕೊಂಡು "ಅಮ್ಮಾ ಯಾರೋ ನೆಲ ಎಳೀತಿದಾರೆ" ಅಂದ್ಲು. ಅವತ್ತಿಂದ ದಿನಾ ಸಂಜೆ ಹಾಲ್‌ನಲ್ಲಿ ಅವಳದೂ ಅವಳ ಅಣ್ಣನದೂ ಇದೇ ಕೆಲಸ, ಕೈ ಚಾಚ್ಕೊಂಡು ಬುಗುರಿ ಥರ ಸುತ್ತೋದು, ದೊಪ್ ಅಂತ ದಿವಾನದ ಮೇಲೆ ಬೀಳೋದು, ಮತ್ತೆ ಎದ್ದು ಸುತ್ತೋದು.

ಅವಳು ಕೇಳ್ತಿರೋದು ಏನಂದ್ರೆ, "ನಾನು ಸುತ್ತೋವಾಗ ಮನೆ ಸುತ್ತಬೇಕು ತಾನೆ ಅಮ್ಮ, ನಾನು ನಿಂತ್ಮೇಲೆ ಮನೆ ಯಾಕೆ ಸುತ್ತುತ್ತೆ?" ನಮ್ಮತ್ತೆ ಮಂಡ್ಯದ ಹಳ್ಳಿ ಕಡೆಯವರು, ಅವರು "ಪಿತ್ತ ನೆತ್ತಿಗೇರ್ತದೆ ಕಣವ್ವ, ಸಾಕು ಕೂತ್ಕೋ" ಅಂತ ನಿಂಬೆಹಣ್ಣಿನ ಪಾನಕ ಕೈಗೆ ಕೊಡ್ತಾರೆ. ನಾನು ಎಲ್ಲೋ ಓದಿದ್ದು ನೆನಪು ಮಾಡ್ಕೊಂಡು "ಕಿವಿ ಒಳಗೆ ನೀರಿದೆ ಪುಟ್ಟಿ, ಅದು ಅಲ್ಲಾಡುತ್ತೆ" ಅಂದೆ. ಅವಳು ತಕ್ಷಣ ತಲೆ ಓರೆ ಮಾಡಿ ಒಂಟಿ ಕಾಲಲ್ಲಿ ಕುಣಿಯೋಕೆ ಶುರು ಮಾಡಿದ್ಲು, ಸ್ನಾನ ಆದ್ಮೇಲೆ ಕಿವಿಗೆ ಹೋದ ನೀರು ತೆಗೀತೀವಲ್ಲ ಹಾಗೆ! ಅಂದ್ರೆ ನಾನು ಹೇಳಿದ್ದು ಪೂರ್ತಿ ತಪ್ಪಾಗಿ ತಲುಪಿದೆ. ಅವಳಿಗೆ ಅರ್ಥ ಆಗಬೇಕು, ಸುಳ್ಳು ಹೇಳಬಾರದು, ಅತ್ತೆ ಮಾತನ್ನ ಮಗು ಮುಂದೆ ತೆಗೆದುಹಾಕೋದೂ ನಂಗಿಷ್ಟ ಇಲ್ಲ. ಹೇಗೆ ಹೇಳ್ತೀರಿ ನೀವಾಗಿದ್ರೆ?


ನಾಲೆಬಯಲು_ಮೇಷ್ಟ್ರು:

ಮೇಡಂ, ನಿಮ್ಮ ಮಗಳ ಪ್ರಶ್ನೆ ಓದಿ ತುಂಬಾ ಖುಷಿ ಆಯ್ತು, "ನಿಂತ ಮೇಲೆ ಯಾಕೆ" ಅಂತ ಕೇಳಿದಾಳಲ್ಲ, ಇಡೀ ವಿಷಯದ ಕೀಲಿಕೈ ಅದೇ. ನಾನು ಮಂಡ್ಯ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡೋನು. ಮೊದಲು ಬಾಯಲ್ಲಿ ಏನೂ ಹೇಳಬೇಡಿ, ತೋರಿಸಿ.

ನಾಳೆ ಬೆಳಿಗ್ಗೆ ಕಾಫಿ ಲೋಟ ಮೇಜಿನ ಮೇಲಿಟ್ಟು, ಮೇಲೆ ನೊರೆ ಇರುವಾಗಲೇ, ಲೋಟನ ಇದ್ದ ಜಾಗದಲ್ಲೇ ಸರ್ರಂತ ಅರ್ಧ ಸುತ್ತು ತಿರುಗಿಸಿ. ಲೋಟ ತಿರುಗುತ್ತೆ, ನೊರೆ ಅಲ್ಲೇ ಇರುತ್ತೆ. ನೊರೇಲಿ ಒಂದು ದೊಡ್ಡ ಗುಳ್ಳೆ ಗುರುತಿಟ್ಕೊಂಡು ನೋಡೋಕೆ ಹೇಳಿ ಅವಳಿಗೆ. ಆಮೇಲೆ ನಿಲ್ಲಿಸದೆ ಹಂಗೇ ತಿರುಗಿಸ್ತಾ ಇರಿ, ಸ್ವಲ್ಪ ಹೊತ್ತಿಗೆ ನೊರೇನೂ ಲೋಟದ ಜೊತೆ ಸುತ್ತೋಕೆ ಶುರು ಮಾಡುತ್ತೆ. ಈಗ ಲೋಟ ಗಟ್ಟಿಯಾಗಿ ಹಿಡಿದು ನಿಲ್ಲಿಸಿ. ಲೋಟ ನಿಂತೋಯ್ತು, ನೊರೆ ನಿಂತಿಲ್ಲ. ಇಷ್ಟೇ ಮೇಡಂ, ಮುಕ್ಕಾಲು ಪಾಲು ಉತ್ತರ ಲೋಟದೊಳಗೇ ಇದೆ. ಜಡತ್ವ ಅನ್ನೋ ಪದ ಏಳು ವರ್ಷಕ್ಕೆ ಬೇಡ, ಬಸ್ಸು ದಿಢೀರ್ ಅಂತ ಹೊರಟ್ರೆ ಹಿಂದಕ್ಕೆ ಜೋಲಿ ಹೊಡೀತೀವಿ, ಬ್ರೇಕ್ ಹಾಕಿದ್ರೆ ಮುಂದಕ್ಕೆ ಮುಗ್ಗರಿಸ್ತೀವಿ, ಲೋಟದೊಳಗಿನ ಕಾಫಿ ಮಾಡೋದೂ ಅದನ್ನೇ ಅಂದ್ರೆ ಸಾಕು.

ಇನ್ನ ಕಿವಿ. ನಮ್ಮ ಒಂದೊಂದು ಕಿವಿಯ ಒಳಗಡೆ ಬಳೆ ಥರ ಬಾಗಿರೋ ಮೂರು ಸಣ್ಣ ಕೊಳವೆ ಇದಾವೆ, ಅವುಗಳಲ್ಲಿ ನೀರಿನಂಥ ದ್ರವ ತುಂಬಿದೆ. ಬಳೆ ಅಂದ್ರೆ ಕೈಗೆ ಹಾಕೋ ಬಳೆ ಅಲ್ಲ, ಒಂದೊಂದೂ ಹೆಚ್ಚುಕಮ್ಮಿ ಕಡ್ಲೆಕಾಳಿನ ಅಳತೆ. ಒಂದೊಂದು ಕೊಳವೆಯ ಬುಡದಲ್ಲೂ ಒಂದು ಕಡೆ ಉಬ್ಬಿರುತ್ತೆ, ಅಲ್ಲಿ ಅಂಟಂಟಾದ ಲೋಳೆಯ ಪರದೆ ಅಡ್ಡ ನಿಂತಿರುತ್ತೆ, ಅದರೊಳಗೆ ಸೂಕ್ಷ್ಮ ಕೂದಲು ನಾಟ್ಕೊಂಡಿರ್ತವೆ. ನಮ್ಮ ಕಡೆ ಮಕ್ಕಳಿಗೆ ನಾನು ಹೇಳೋದು ವಿಸಿ ನಾಲೆ ಅಂಚಿನ ಜೊಂಡಿನ ಲೆಕ್ಕ. ನಾಲೆಗೆ ನೀರು ಬಿಟ್ರೆ ಜೊಂಡು ಹರಿಯೋ ಕಡೆ ಬಾಗುತ್ತೆ, ನೀರು ನಿಂತ್ರೆ ನೆಟ್ಟಗಾಗುತ್ತೆ. ದೂರದಿಂದ ಜೊಂಡು ನೋಡಿದ್ರೇನೇ ನೀರು ಯಾವ ಕಡೆ ಹರೀತಿದೆ ಅಂತ ಹೇಳಬಹುದು ತಾನೆ, ಮೆದುಳು ಮಾಡೋದೂ ಅಷ್ಟೇ, ಅದು ಕಿವಿಯೊಳಗಿನ ಜೊಂಡು ಎತ್ತಕಡೆ ಬಾಗಿದೆ ಅಂತ ನೋಡಿ ತಲೆ ಎತ್ತಕಡೆ ತಿರುಗ್ತಿದೆ ಅಂತ ತೀರ್ಮಾನ ಮಾಡುತ್ತೆ.

ಈಗ ಮಗಳು ಸುತ್ತೋಕೆ ಶುರು ಮಾಡಿದ್ಲು ಅನ್ಕೊಳ್ಳಿ. ಕೊಳವೆ ತಲೆ ಜೊತೆ ತಿರುಗ್ತು, ನೀರು ಹಿಂದೆ ಉಳೀತು, ಜೊಂಡು ಬಾಗಿತು, "ಸುತ್ತುತಾ ಇದೀನಿ" ಅಂತ ಗೊತ್ತಾಯ್ತು. ಒಂದೇ ಸಮ ಸುಮಾರು 20 ಸೆಕೆಂಡ್ ಸುತ್ತಿದ್ರೆ ನೀರೂ ಜೊತೆಗೆ ಸೇರ್ಕೊಳ್ಳುತ್ತೆ, ಜೊಂಡು ನೆಟ್ಟಗಾಗುತ್ತೆ, ಆಗ ಕಣ್ಣು ಮುಚ್ಚಿದ್ರೆ ಸುತ್ತುತಿರೋದೇ ಗೊತ್ತಾಗಲ್ಲ. ತಟ್ ಅಂತ ನಿಂತ್ಲು. ಕೊಳವೆ ನಿಂತ್ತು, ನೀರು ಮುಂದಕ್ಕೆ ನುಗ್ತು, ಜೊಂಡು ಈ ಸಲ ಇನ್ನೊಂದು ಕಡೆಗೆ ಬಾಗ್ತು. ಮೆದುಳಿಗೆ ಬರೋ ಸುದ್ದಿ "ಉಲ್ಟಾ ಸುತ್ತುತಿದೀನಿ" ಅಂತ. ಕಾಲು ನಿಂತಿದೀನಿ ಅನ್ನುತ್ತೆ, ಕಿವಿ ಇಲ್ಲ ಸುತ್ತುತಿದೀನಿ ಅನ್ನುತ್ತೆ, ಆ ಜಗಳದ ಹೆಸರೇ ತಲೆಸುತ್ತು.

ಲೋಟಕ್ಕಿಂತ ಚೆನ್ನಾಗಿ ತೋರಿಸಬೇಕು ಅಂದ್ರೆ ಗಾರೆ ಕೆಲಸದವರ ಹತ್ರ ಲೆವೆಲ್ ಪೈಪ್ ಇರುತ್ತೆ ನೋಡಿ, ಆಚೆಯಿಂದ ನೀರು ಕಾಣಿಸೋ ಪೈಪು. ಎರಡು ಮೊಳದಷ್ಟು ತುಂಡು ತಗೊಂಡು ನೀರು ತುಂಬಿಸಿ, ಅದರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಿಟಿಕೆ ಹಾಕಿ, ಗಾಳಿಗುಳ್ಳೆ ಉಳಿಯದ ಹಾಗೆ ಎರಡೂ ತುದಿ ಸೇರಿಸಿ ಬಳೆ ಮಾಡಿ. ತಿರುಗೋ ಕುರ್ಚಿ ಮೇಲೆ ಮಲಗಿಸಿ ಕುರ್ಚಿ ಸುತ್ತಿಸಿ, ನಿಲ್ಲಿಸಿ. ನಿಲ್ಲಿಸಿದಾಗ ಬೀಜ ಏನ್ ಮಾಡುತ್ತೆ ಅಂತ ಅವಳೇ ಹೇಳಲಿ.


ಕಿವಿಮಾತು:

ಮೇಷ್ಟ್ರು ಜೊಂಡಿನ ಹೋಲಿಕೆ ಕೊಟ್ಟಿದ್ದು ತುಂಬಾ ಹಿಡಿಸ್ತು, ನಾನು ಇನ್ಮೇಲೆ ಅದನ್ನೇ ಬಳಸ್ತೀನಿ. ನಾನು ಮೈಸೂರಲ್ಲೇ ಆಡಿಯಾಲಜಿ ಓದಿದ್ದು, ದಿನಾ ತಲೆಸುತ್ತಿನವರನ್ನ ನೋಡೋ ಕೆಲಸ, ಹಾಗಾಗಿ ಎರಡು ಮೂರು ವಿಷಯ ಸೇರಿಸ್ತೀನಿ.

ಮೊದಲನೇದು, ಆ ಸ್ನಾನದ ನೀರಿನ ಗೊಂದಲ. ಇದು ಮಕ್ಕಳಿಗೆ ಮಾತ್ರ ಅಲ್ಲ ದೊಡ್ಡವರಿಗೂ ಆಗುತ್ತೆ, ಎಷ್ಟೋ ಜನ "ಕಿವಿಗೆ ನೀರು ಹೋಗಿ ತಲೆ ಸುತ್ತುತಿದೆ ಮೇಡಂ" ಅಂತ ಬರ್ತಾರೆ. ಸ್ನಾನದ ನೀರು ತಮಟೆ ಚರ್ಮದ ಥರ ಬಿಗಿದಿರೋ ಕಿವಿತಮಟೆ ತನಕ ಮಾತ್ರ ಹೋಗುತ್ತೆ. ಸುತ್ತೋದನ್ನ ಹೇಳೋ ನೀರು ಅದರಾಚೆ, ದೇಹದಲ್ಲೇ ತುಂಬಾ ಗಟ್ಟಿಯಾದ ಮೂಳೆಗಳಲ್ಲಿ ಒಂದರ ಒಳಗೆ ಬೀಗ ಹಾಕಿಟ್ಟ ಹಾಗಿದೆ, ಹುಟ್ಟೋ ಮೊದಲೇ ಅಲ್ಲಿರುತ್ತೆ, ಅದನ್ನ ಕುಣಿದು ತೆಗೆಯೋಕಾಗಲ್ಲ, ತೆಗೀಲೂಬಾರದು. ಮಗುಗೆ "ಎಳನೀರು ಕಾಯಿ ಒಳಗೆ ನೀರು ಇದ್ದ ಹಾಗೆ, ಆಚೆ ಮಳೆ ಬಂದ್ರೂ ಒಳಗಿನ ನೀರಿಗೆ ಸಂಬಂಧ ಇಲ್ಲ" ಅನ್ನಿ, ಥಟ್ಟನೆ ಗೊತ್ತಾಗುತ್ತೆ.

ಎರಡನೇದು, ಮೂರು ಬಳೆ ಯಾಕೆ ಅಂತ ಅವಳು ಕೇಳೇ ಕೇಳ್ತಾಳೆ. ಮೂರೂ ಬೇರೆಬೇರೆ ದಿಕ್ಕಿಗೆ ನಿಂತಿವೆ. ನಾನು ಮಕ್ಕಳಿಗೆ ತಲೆ ಆಡಿಸೋದನ್ನೇ ಕಲಿಸ್ತೀನಿ, "ಹೂಂ" ಅಂತ ಮೇಲೆ ಕೆಳಗೆ ಒಂದು, "ಊಹೂಂ" ಅಂತ ಅಕ್ಕಪಕ್ಕ ಒಂದು, ಆಮೇಲೆ ನಮ್ಮೂರಲ್ಲಿ ಅಂಗಡಿಯವರು "ಆಯ್ತಾಯ್ತು" ಅಂತ ತಲೆನ ಭುಜದ ಕಡೆ ತೂಗ್ತಾರಲ್ಲ, ಅದೊಂದು. ಸರಿಸುಮಾರು ಈ ಮೂರಕ್ಕೆ ಮೂರು ಬಳೆ. ನಿಂತು ಸುತ್ತೋವಾಗ ಹೆಚ್ಚು ಕೆಲಸ "ಊಹೂಂ" ಬಳೆಗೆ.

ಮೂರನೇದು ನನಗೆ ತುಂಬಾ ಇಷ್ಟವಾದದ್ದು, ಕಣ್ಣು. ಅಣ್ಣನ್ನ ಹತ್ತು ಸುತ್ತು ಸುತ್ತಿಸಿ ನಿಲ್ಲಿಸಿ ತಕ್ಷಣ ಅವನ ಕಣ್ಣು ಹತ್ತಿರದಿಂದ ನೋಡೋಕೆ ತಂಗಿಗೆ ಹೇಳಿ. ಕಪ್ಪುಗುಡ್ಡೆ ಒಂದು ಕಡೆ ಮೆಲ್ಲಗೆ ಜಾರುತ್ತೆ, ಚಕ್ ಅಂತ ವಾಪಸ್ ಬರುತ್ತೆ, ಮತ್ತೆ ಜಾರುತ್ತೆ, ಮತ್ತೆ ಚಕ್. ಹೊಲಿಗೆ ಮೆಷಿನ್ ಸೂಜಿ ಅಡ್ಡಡ್ಡ ಓಡಿದ ಹಾಗೆ. ಯಾಕೆ ಅಂದ್ರೆ ಕಿವಿಗೂ ಕಣ್ಣಿಗೂ ನೇರ ತಂತಿ ಇದೆ, ತಲೆ ಬಲಕ್ಕೆ ತಿರುಗಿದ್ರೆ ಕಣ್ಣು ಎಡಕ್ಕೆ ಹೋಗಿ ನೋಟನ ಇದ್ದಲ್ಲೇ ಹಿಡಿದಿಡುತ್ತೆ, ನಡೀತಾ ಅಂಗಡಿ ಬೋರ್ಡ್ ಓದೋಕೆ ನಮಗೆ ಆಗೋದೇ ಇದರಿಂದ. ಸುತ್ತಿ ನಿಂತಾಗ ಕಿವಿ ತಪ್ಪು ಸುದ್ದಿ ಕಳಿಸಿದ್ರೂ ಕಣ್ಣು ನಂಬಿ ಕೆಲಸ ಮಾಡುತ್ತೆ. ಕಣ್ಣು ಜಾರೋದ್ರಿಂದ ಗೋಡೆ ಜಾರಿದ ಹಾಗೆ ಕಾಣುತ್ತೆ. ನಿಮ್ಮ ಮಗಳು "ಯಾರೋ ನೆಲ ಎಳೀತಿದಾರೆ" ಅಂದಿದ್ದು ಅಷ್ಟು ಸರಿಯಾದ ವರ್ಣನೆ, ಅದನ್ನ ಬರೆದಿಟ್ಕೊಳ್ಳಿ ದಯವಿಟ್ಟು.

ಇದನ್ನ ಹಿಡಿದುಕೊಂಡು ಹೋಗಿ ನೊಬೆಲ್ ತಗೊಂಡೋರು ಒಬ್ಬರು ಇದಾರೆ, ಮಗಳಿಗೆ ಕಥೆ ಥರ ಹೇಳಬಹುದು. ರಾಬರ್ಟ್ ಬಾರಾನಿ ಅಂತ, ವಿಯೆನ್ನಾದ ಕಿವಿ ಡಾಕ್ಟರು. ಪೇಷಂಟ್‌ಗಳ ಕಿವಿ ನೀರಲ್ಲಿ ತೊಳೀವಾಗ, ನೀರು ತಣ್ಣಗಿದ್ರೆ ಅವರಿಗೆ ತಲೆ ತಿರುಗಿ ಕಣ್ಣು ಒಂದು ಕಡೆಗೆ ಚಕ್ ಚಕ್ ಅಂತ ಹೊಡೀತಿತ್ತು, ಬಿಸಿ ಜಾಸ್ತಿ ಆದ್ರೆ ಇನ್ನೊಂದು ಕಡೆಗೆ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೆ ಬರುತ್ತಲ್ಲ, ಹಾಗೆ ಒಳಗಿನ ಬಳೆಯ ದ್ರವ ಬಿಸಿಯಾದ್ರೆ ಮೇಲೇಳುತ್ತೆ, ತಣ್ಣಗಾದ್ರೆ ಇಳಿಯುತ್ತೆ, ಒಟ್ಟಲ್ಲಿ ಹರಿಯುತ್ತೆ, ಜೊಂಡು ಬಾಗುತ್ತೆ ಅಂತ ಅವರು ಯೋಚನೆ ಮಾಡಿದ್ರು. 1914ನೇ ಸಾಲಿನ ನೊಬೆಲ್ ಅವರಿಗೆ ಬಂತು. ಆ ಸುದ್ದಿ ತಲುಪುವಾಗ ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕಿ ರಷ್ಯಾದ ಶಿಬಿರದಲ್ಲಿದ್ರು, 1916ರಲ್ಲಿ ಬಿಡುಗಡೆ ಆದ್ರು. ಬಿಸಿ ತಣ್ಣೀರಿನ ಆ ಪರೀಕ್ಷೆ ಇವತ್ತಿಗೂ ಮಾಡ್ತೀವಿ.

ಅತ್ತೆಯವರ ಪಿತ್ತದ ಮಾತಿಗೆ: ತಲೆ ತಿರುಗಿದ್ರೆ ಹೊಟ್ಟೆ ತೊಳಸುತ್ತೆ ಅನ್ನೋದನ್ನ ಅವರು ಕಣ್ಣಾರೆ ನೋಡಿ ಹೇಳ್ತಿರೋದು, ಆ ನೋಟ ಸರಿಯಾಗೇ ಇದೆ. ಶುರು ಆಗೋದು ಕಿವಿಯಲ್ಲಿ, ಅಲ್ಲಿಂದ ಸುದ್ದಿ ಮೆದುಳಿನ ಬುಡಕ್ಕೆ ಹೋಗಿ ವಾಂತಿ ಬರಿಸೋ ಜಾಗಾನೂ ತಟ್ಟುತ್ತೆ. ಹಾಗಾಗಿ "ಅಜ್ಜಿ ಹೊಟ್ಟೆ ಕಡೆಯಿಂದ ಹೇಳಿದ್ರು, ನಾವು ಕಿವಿ ಕಡೆಯಿಂದ ನೋಡೋಣ" ಅನ್ನಬಹುದು.


ಪೂಜಾಕುಣಿತ_ಮದ್ದೂರು:

ಅಕ್ಕ ನಾನು ಜಾಸ್ತಿ ಓದಿರೋನಲ್ಲ, ಆದ್ರೆ ಸುತ್ತೋದು ಅಂದ್ರೆ ಏನು ಅಂತ ಗೊತ್ತು. ನಮ್ಮಪ್ಪ ಪೂಜಾ ಕುಣಿತ ಕುಣೀತಿದ್ರು, ನಾನೂ ಹಬ್ಬಕ್ಕೆ ಕುಣೀತೀನಿ. ತಲೆ ಮೇಲೆ ಪೂಜೆ ಇರ್ತದೆ, ಬಿದಿರಿನ ತಡಿಕೆ, ಸೀರೆ, ಹೂವು ಎಲ್ಲ ಸೇರಿ ಒಳ್ಳೆ ತೂಕ, ಕೈ ಬಿಟ್ಟು ತಮಟೆ ಏಟಿಗೆ ಸುತ್ತಬೇಕು. ಕಲಿಯೋವಾಗ ನಾನು ಸುತ್ತಿ ದಿಢೀರ್ ನಿಂತೆ, ಪೂಜೆ ಒಂದ್ಕಡೆ ವಾಲ್ತು, ಅಪ್ಪ ಓಡ್ಬಂದು ಹಿಡ್ಕೊಂಡ್ರು. ಅವತ್ತು ಹೇಳಿದ್ದು ಇನ್ನೂ ಕಿವೀಲಿದೆ, "ಸುತ್ತೋದ್ರಲ್ಲಿ ಬೀಳಲ್ಲ ಕಣ್ಲಾ, ನಿಲ್ಲೋದ್ರಲ್ಲಿ ಬೀಳ್ತೀಯ, ನಿಧಾನಕ್ಕೆ ನಿಲ್ಲು." ಕೊನೇ ನಾಲ್ಕೈದು ಸುತ್ತು ಮೆತ್ತಗೆ ಮಾಡ್ಕೊಂಡು ಬಂದು ನಿಂತ್ರೆ ತಲೆ ಅಷ್ಟಾಗಿ ತಿರುಗಲ್ಲ. ಮೇಷ್ಟ್ರು ಬರ್ದಿರೋದು ಓದಿದ್ಮೇಲೆ ಗೊತ್ತಾಯ್ತು, ಒಳಗಿನ ನೀರಿಗೂ ನಿಲ್ಲೋಕೆ ಟೈಮ್ ಕೊಡ್ಬೇಕು ಅಂತ ಅಪ್ಪ ಹೇಳಿದ್ದು. ಮಗುಗೆ ಇದನ್ನ ಮಾಡ್ಸಿ ನೋಡಿ, ಒಂದ್ಸಲ ತಟ್ ಅಂತ ನಿಲ್ಲೋಕೇಳಿ, ಒಂದ್ಸಲ ಮೆಲ್ಲಮೆಲ್ಲಗೆ ನಿಲ್ಲೋಕೇಳಿ, ವ್ಯತ್ಯಾಸ ಅವಳಿಗೇ ಗೊತ್ತಾಯ್ತದೆ.

ಇನ್ನೊಂದು, ಕಥಕ್ ಮಾಡೋರು ತಲೆನ ಒಂದೇ ಕಡೆ ಇಟ್ಟು ಕೊನೆಗೆ ಚಟ್ ಅಂತ ತಿರುಗಿಸ್ತಾರಲ್ಲ, ನಮಗೆ ಅದು ಆಗಲ್ಲ, ತಲೆ ಮೇಲೆ ಪೂಜೆ ಇರೋದ್ರಿಂದ ತಲೆ ಮೈ ಒಟ್ಟಿಗೇ ತಿರುಗಬೇಕು. ನಮಗೆ ಅಭ್ಯಾಸಾನೇ ಗತಿ. ಮೊದಲ ವರ್ಷ ಮೂರು ಸುತ್ತಿಗೇ ಕಂಬ ಹಿಡ್ಕೊತಿದ್ದೆ, ಈಗ ಹಂಗಿಲ್ಲ.


ಕಿವಿಮಾತು:

ಪೂಜಾಕುಣಿತ ಅಣ್ಣ, ನಿಮ್ಮ ತಂದೆ ಹೇಳಿದ್ದು ಅಕ್ಷರಶಃ ಸರಿ. ನಿಧಾನಕ್ಕೆ ನಿಂತ್ರೆ ನೀರು ಒಮ್ಮೆಲೇ ನುಗ್ಗಲ್ಲ, ಜೊಂಡು ಕಮ್ಮಿ ಬಾಗುತ್ತೆ. ಅಭ್ಯಾಸದ ವಿಷಯಾನೂ ನಿಜ, ವರ್ಷಾನುಗಟ್ಟಲೆ ಸುತ್ತಿದವರ ಮೆದುಳು ಕಿವಿಯಿಂದ ಬರೋ ಆ ಸುದ್ದಿಗೆ ಬೆಲೆ ಕಮ್ಮಿ ಮಾಡ್ಕೊಂಡುಬಿಡುತ್ತೆ. ಕಥಕ್‌ನವರು ಒಂದು ಬಿಂದು ನೋಡಿ ತಲೆ ಚಟ್ಟನೆ ತಿರುಗಿಸೋದ್ರಿಂದ ಅವರ ತಲೆ ಒಂದೇ ಸಮ ಸುತ್ತೋದಿಲ್ಲ, ನಿಂತು ನಿಂತು ತಿರುಗುತ್ತೆ, ಹಾಗಾಗಿ ನೀರಿಗೆ ಪೂರ್ತಿ ವೇಗ ಹಿಡಿಯೋಕೆ ಸಮಯ ಸಿಗಲ್ಲ.


ಎರಡುಮಕ್ಕಳತಾಯಿ:

ನಾವು ಚಿಕ್ಕವರಿದ್ದಾಗ ತಲೆ ತಿರುಗಿದ್ರೆ ಉಲ್ಟಾ ಸುತ್ತು ಸರಿಹೋಗುತ್ತೆ ಅಂತಿದ್ರು. ನನ್ನ ಮಕ್ಕಳಿಗೂ ಅದನ್ನೇ ಹೇಳಿದೀನಿ. ಅದು ಸರೀನಾ?


ನಾಲೆಬಯಲು_ಮೇಷ್ಟ್ರು:

ಇಲ್ಲ ತಾಯಿ, ಲೋಟದಲ್ಲೇ ನೋಡಿ. ಲೋಟ ಬಲಕ್ಕೆ ಸುತ್ತಿಸಿ ನಿಲ್ಲಿಸಿದಾಗ ಕಾಫಿ ಬಲಕ್ಕೆ ಓಡ್ತಿದೆ, ಆಗಲೇ ಲೋಟ ಎಡಕ್ಕೆ ತಿರುಗಿಸಿದ್ರೆ ಲೋಟಕ್ಕೂ ಕಾಫಿಗೂ ನಡುವಿನ ವ್ಯತ್ಯಾಸ ಇನ್ನೂ ಹೆಚ್ಚಾಯ್ತು. ತಕ್ಷಣ ಉಲ್ಟಾ ಸುತ್ತಿದ್ರೆ ಮೊದಲು ಜಾಸ್ತೀನೇ ತಿರುಗುತ್ತೆ. ಉಲ್ಟಾ ಸುತ್ತೋ ಹೊತ್ತಿಗೆ ಮೊದಲಿಂದು ತಾನಾಗೇ ಇಳಿದಿರುತ್ತೆ, ಅದಕ್ಕೆ ಇದೇ ಔಷಧಿ ಅನ್ಸುತ್ತೆ. ಕೂರಿಸಿ, ದೂರದ ಒಂದು ವಸ್ತು ದಿಟ್ಟಿಸಿ ನೋಡೋಕೆ ಹೇಳಿ, ಅರ್ಧ ನಿಮಿಷದಲ್ಲಿ ಹೋಗುತ್ತೆ.


ಊಟಿರೋಡ್:

ಸಂಬಂಧ ಇದೆಯೋ ಇಲ್ವೋ, ನನ್ನ ಮಗನಿಗೆ ಹತ್ತು ವರ್ಷ, ಮೈಸೂರಿಂದ ಊಟಿಗೆ ಹೊರಟ್ರೆ ಬಂಡೀಪುರದ ತನಕ ಚೆನ್ನಾಗಿರ್ತಾನೆ, ಘಾಟಿ ತಿರುವು ಶುರು ಆದ ತಕ್ಷಣ ವಾಂತಿ. ಅಲ್ಲಿ ಅವನೇನು ಸುತ್ತಲ್ಲವಲ್ಲ, ಸುಮ್ನೆ ಕೂತಿರ್ತಾನೆ, ಮೊಬೈಲ್‌ನಲ್ಲಿ ಗೇಮ್ ಆಡ್ಕೊಂಡು. ಇದೂ ಕಿವಿ ನೀರಾ?


ಕಿವಿಮಾತು:

ಹೌದು ಸರ್, ಅದೇ ಜಗಳ, ಪಾತ್ರಗಳು ಅದಲುಬದಲು. ಇಲ್ಲಿ ಕಿವಿ ಹೇಳ್ತಿರೋದು ನಿಜ, ಗಾಡಿ ತಿರುಗ್ತಿದೆ, ಏರ್ತಿದೆ, ಬ್ರೇಕ್ ಹಾಕ್ತಿದೆ. ಕಣ್ಣು ಮೊಬೈಲ್ ನೋಡ್ತಾ "ಏನೂ ಅಲ್ಲಾಡ್ತಿಲ್ಲ" ಅನ್ನುತ್ತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬರೋದು ಅಪರೂಪ, ಆಮೇಲಿಂದ ಹನ್ನೆರಡರ ತನಕ ಜಾಸ್ತಿ, ದೊಡ್ಡವರಾಗ್ತಾ ಎಷ್ಟೋ ಮಕ್ಕಳಿಗೆ ಕಮ್ಮಿ ಆಗುತ್ತೆ. ತಿರುವು ಬರೋ ಮೊದಲೇ ಮೊಬೈಲ್ ತಗೊಂಡ್ಬಿಡಿ, ಮುಂದಿನ ಗಾಜಿನಿಂದ ರಸ್ತೆ ಕಾಣೋ ಹಾಗೆ ಕೂರಿಸಿ, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಅಂತ ಅವನೇ ಹೇಳೋ ಆಟ ಆಡಿಸಿ. ಡ್ರೈವರ್‌ಗೆ ವಾಂತಿ ಬರೋದು ಕಮ್ಮಿ ಯಾಕೆ ಅಂದ್ರೆ ಮುಂದೇನು ಬರುತ್ತೆ ಅಂತ ಅವನ ಕಣ್ಣಿಗೆ ಮೊದಲೇ ಗೊತ್ತಿರುತ್ತೆ.

ಇದೇ ಜಾಗದಲ್ಲಿ ಒಂದು ಗಂಭೀರ ಮಾತೂ ಹೇಳ್ಬಿಡ್ತೀನಿ. ನಮ್ಮ ಭಾಷೇಲಿ "ತಲೆಸುತ್ತು" ಅನ್ನೋ ಒಂದೇ ಪದದಲ್ಲಿ ಎರಡು ಬೇರೆ ತೊಂದರೆ ಸೇರ್ಕೊಂಡಿವೆ. ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬಂದ ಹಾಗಾಗೋದು ರಕ್ತದ ಒತ್ತಡದ್ದು, ಅದು ಕಿವೀದಲ್ಲ. ಮನೆನೇ ಗಿರ್ರನೆ ಸುತ್ತೋದು ಬೇರೆ. ನನ್ನ ಸ್ವಂತ ಅಮ್ಮನಿಗೆ ಹಾಸಿಗೇಲಿ ಮಗ್ಗುಲು ಬದಲಾಯಿಸಿದ್ರೆ ಸಾಕು ಮನೆ ಸುತ್ತುತಿತ್ತು, ಊರಿನ ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ, ಬಿಪಿ ಅಂತ ಎಂಟು ತಿಂಗಳು ಮಾತ್ರೆ ನುಂಗಿಸಿದ್ರು, ನಾನಾಗ ಇನ್ನೂ ಈ ಕೋರ್ಸ್ ಸೇರಿರಲಿಲ್ಲ. ಕಿವಿಯೊಳಗೆ ಬಳೆಗಳ ಬುಡದಲ್ಲಿ ಸುಣ್ಣದ ಹರಳು ಇರ್ತವೆ, ರಂಗೋಲಿ ಪುಡಿಗಿಂತ ಎಷ್ಟೋ ನುಣುಪು, ಅವು ಕಿತ್ತು ಬಂದು ಬಳೆ ಒಳಗೆ ಸೇರ್ಕೊಂಡಿದ್ವು ಅಷ್ಟೇ. ಗೊತ್ತಿರೋರು ತಲೆನ ಕ್ರಮವಾಗಿ ತಿರುಗಿಸಿ ಮಲಗಿಸಿ ಏಳಿಸಿ ಆ ಹರಳನ್ನ ವಾಪಸ್ ಕಳಿಸಿದ್ರು, ಹದಿನೈದು ನಿಮಿಷ ಹಿಡೀಲಿಲ್ಲ. ಅದಕ್ಕೆ ಹೇಳೋದು, ಆಟ ಆಡಿ ತಿರುಗೋ ತಲೆಗೆ ಯಾವ ಡಾಕ್ಟರೂ ಬೇಡ, ಆದ್ರೆ ಮಗು ಸುತ್ತದೆ ಇದ್ದಾಗಲೂ ತಲೆ ತಿರುಗುತ್ತೆ ಅಂದ್ರೆ, ಕಿವಿ ಕೇಳಿಸ್ತಿಲ್ಲ ಅಂದ್ರೆ, ಜ್ವರ ತಲೆನೋವು ಜೊತೆಗಿದ್ರೆ, ನಡಿಗೆ ತಪ್ಪಿದ್ರೆ ತಡ ಮಾಡಬೇಡಿ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಗೆ ಸಂಬಂಧಪಟ್ಟ ಪರೀಕ್ಷೆಗೆ ದೂರ ಹೋಗೋದೇನೂ ಬೇಕಿಲ್ಲ.


ಸರಸ್ವತಿಪುರಂ_ಅಮ್ಮ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಏನಾಯ್ತು ಅಂತ ಪೂರ್ತಿ ಬರೀತೀನಿ.

ಎದುರು ಸೈಟ್‌ನಲ್ಲಿ ಮನೆ ಕಟ್ತಿದಾರೆ, ಮೇಸ್ತ್ರಿ ಹತ್ರ ಲೆವೆಲ್ ಪೈಪ್ ಕೇಳಿದೆ, ಯಾತಕ್ಕೆ ಅಂತ ಕೇಳಿದ್ರು, ಹೇಳಿದೆ, ಹಳೇದ್ರಲ್ಲಿ ಒಂದು ತುಂಡು ಕತ್ತರಿಸಿ ಕೊಟ್ಟು ತುದಿ ಸೇರಿಸೋಕೆ ಒಂದು ಗಿಡ್ಡ ಪೈಪೂ ಅವರೇ ಹುಡುಕಿ ಕೊಟ್ರು. ಗಾಳಿಗುಳ್ಳೆ ತೆಗೆಯೋದು ಕಷ್ಟ ಆಯ್ತು, ಬಕೆಟ್ ನೀರಲ್ಲಿ ಪೂರ್ತಿ ಮುಳುಗಿಸಿ ಒಳಗೇ ಸೇರಿಸಿದ್ರೆ ಸುಲಭ, ಬೇರೆ ಯಾರಾದ್ರೂ ಮಾಡೋರಿದ್ರೆ ಗೊತ್ತಿರಲಿ. ಕಾಮಕಸ್ತೂರಿ ಊದ್ಕೊಂಡು ಬೆಳ್ಳಗೆ ಲೋಳೆ ಕಟ್ಟಿ ನಡುವೆ ಕಪ್ಪು ಚುಕ್ಕಿ, ಕಪ್ಪೆಮೊಟ್ಟೆ ಥರ ಪೈಪ್ ಒಳಗೆ ತೇಲ್ತಿತ್ತು. ಕುರ್ಚಿ ಸುತ್ತಿಸಿದ್ವಿ, ಬೀಜ ಹಿಂದೆ ಉಳೀತು. ಸುತ್ತುತಾ ಸುತ್ತುತಾ ಪೈಪಿನ ಜೊತೆಗೇ ಹೋಗೋಕೆ ಶುರು ಮಾಡ್ತು. ಅಣ್ಣ ಕುರ್ಚಿ ತಟ್ ಅಂತ ಹಿಡಿದ. ಬೀಜಗಳೆಲ್ಲಾ ಸಾಲಾಗಿ ಮುಂದಕ್ಕೆ ಓಡಿದ್ವು, ಎರಡು ಮೂರು ಸೆಕೆಂಡ್ ಓಡಿ ನಿಧಾನ ಆದ್ವು. ಮಗಳು ಮೂಗು ಪೈಪಿಗೆ ತಾಗಿಸಿ ಕೂತಿದ್ದೋಳು ಏನೂ ಮಾತಾಡ್ಲಿಲ್ಲ, "ಇನ್ನೊಂದ್ಸಲ" ಅಂದ್ಲು. ಹೀಗೇ ಒಂಬತ್ತು ಸಲ ಆಯ್ತು. ಆಮೇಲೆ ಅವಳಾಗೇ ಹೇಳಿದ್ದು, "ಅಮ್ಮ, ನಾನು ನಿಂತೆ ಅಂತ ನನ್ನ ಕಿವಿ ನೀರಿಗೆ ಇನ್ನೂ ಗೊತ್ತಾಗಿರಲ್ಲ."

ಅದೇ ಕುರ್ಚೀಲಿ ಅಣ್ಣನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ನಾನು ನಿಧಾನಕ್ಕೆ ಒಂದೇ ಸಮ ಸುತ್ತಿಸಿದೆ, ಯಾವ ಕಡೆ ಹೋಗ್ತಿದೀಯ ಕೈಲಿ ತೋರಿಸ್ತಿರು ಅಂದಿದ್ವಿ. ಮೊದಲು ಸರಿಯಾಗಿ ಬಲಕ್ಕೆ ತೋರಿಸಿದ, ಆಮೇಲೆ ಕೈ ಇಳಿಸಿ "ನಿಲ್ಸಿದ್ರಲ್ಲ" ಅಂದ, ನಾನು ಸುತ್ತಿಸ್ತಾನೇ ಇದ್ದೆ! ನಿಜವಾಗ್ಲೂ ನಿಲ್ಲಿಸಿದಾಗ ಎಡಕ್ಕೆ ಕೈ ತೋರಿಸಿ "ಈಗ ಉಲ್ಟಾ ಹೋಗ್ತಿದೀವಿ" ಅಂದ. ಬಟ್ಟೆ ಬಿಚ್ಚಿದಾಗ ಕುರ್ಚಿ ನಿಂತಿರೋದು ನೋಡಿ ಅವನ ಮುಖ ನೀವು ನೋಡಬೇಕಿತ್ತು. ಊಟ ಆಗಿ ಒಂದೆರಡು ಗಂಟೆ ಬಿಟ್ಟೇ ಮಾಡಿದ್ದು, ಕೆಳಗೆ ಚಾಪೆ ಹಾಸಿದ್ದೆ, ಪಕ್ಕದಲ್ಲಿ ಮನೆಯವರು ನಿಂತಿದ್ರು. ಪೂಜಾ ಕುಣಿತದ ಅಣ್ಣ ಹೇಳಿದ ಹಾಗೆ ಮೆಲ್ಲಗೆ ನಿಲ್ಲೋದನ್ನೂ ಮಾಡಿದ್ವಿ, ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ.

ಅತ್ತೆ ಇದನ್ನೆಲ್ಲಾ ಹೂ ಕಟ್ತಾ ನೋಡ್ತಾ ಕೂತಿದ್ರು. ಮಗಳು ಹೋಗಿ ಅವರ ಮಡಿಲಲ್ಲಿ ಪೈಪ್ ಇಟ್ಟು ಎಲ್ಲ ವಿವರಿಸಿದ್ಲು. ಅವರು ಪೂರ್ತಿ ಕೇಳಿಸ್ಕೊಂಡು, "ಓ ಮಜ್ಜಿಗೆ ಕಡೆಯೋ ಲೆಕ್ಕ ಅನ್ನು, ಕಡಗೋಲು ನಿಲ್ಸಿದ್ರೂ ಗಡಿಗೇಲಿ ಮಜ್ಜಿಗೆ ಸುತ್ತಾನೇ ಇರ್ತದಲ್ಲ, ಬೆಣ್ಣೆ ಅದರ ಮೇಲೆ ತೇಲ್ಕೊಂಡು ಸುತ್ತದೆ" ಅಂದ್ರು. ನನಗೆ ಹೊಳೀಲೇ ಇಲ್ಲ ನೋಡಿ, ಎಷ್ಟು ವರ್ಷ ಅವರು ದಿನಾ ಅದನ್ನ ನೋಡಿದಾರೆ. ಈಗ ಮನೇಲಿ ಅದಕ್ಕೆ ಕಿವಿಮಜ್ಜಿಗೆ ಅಂತಲೇ ಹೆಸರು. ಪಾನಕಾನೂ ಮುಂದುವರೆದಿದೆ.

ಆದ್ರೆ ಮೇಷ್ಟ್ರೇ, ರಾತ್ರಿ ಮಲಗೋವಾಗ ಇನ್ನೊಂದು ಬಂತು. "ಭೂಮಿ ಸುತ್ತುತಾನೇ ಇದೆ ಅಂತ ಮಿಸ್ ಹೇಳಿದ್ರು, ಹಾಗಾದ್ರೆ ನಮಗ್ಯಾಕೆ ಯಾವಾಗ್ಲೂ ತಲೆ ತಿರುಗಲ್ಲ?" ನನ್ನ ಹತ್ರ ಉತ್ತರ ಇಲ್ಲ.


ನಾಲೆಬಯಲು_ಮೇಷ್ಟ್ರು:

ಮೇಡಂ, ಈ ಪ್ರಶ್ನೆನ ನಾನು ನಮ್ಮ ಒಂಬತ್ತನೇ ಕ್ಲಾಸಿಗೆ ಕೇಳ್ತೀನಿ, ನಿಮ್ಮ ಮಗಳ ಪ್ರಶ್ನೆ ಅಂತ ಹೇಳೇ ಕೇಳ್ತೀನಿ.

ಅವಳು ಅರ್ಧ ಉತ್ತರ ಆಗಲೇ ಪೈಪಲ್ಲಿ ನೋಡಿದಾಳೆ. ಒಂದೇ ಸಮ ಸುತ್ತುತಾ ಇದ್ದಾಗ ಬೀಜ ಪೈಪಿನ ಜೊತೆಗೇ ಹೋಗ್ತಿತ್ತಲ್ಲ, ಅಣ್ಣನಿಗೂ ನಿಂತ ಹಾಗೇ ಅನ್ಸಿತ್ತಲ್ಲ. ಕಿವಿಗೆ ಗೊತ್ತಾಗೋದು ಶುರು ಆಗೋದು, ನಿಲ್ಲೋದು, ವೇಗ ಬದಲಾಗೋದು. ಭೂಮಿ ಅವಳು ಹುಟ್ಟೋ ಮೊದಲಿಂದಲೂ ಒಂದೇ ಸಮ ಸುತ್ತುತಿದೆ, ಒಂದು ದಿನವೂ ಬ್ರೇಕ್ ಹಾಕಿಲ್ಲ.

ಇನ್ನರ್ಧ ಏನಂದ್ರೆ, ಭೂಮಿ ಸುತ್ತೋದು ಬಹಳ ನಿಧಾನ. ಮೈಸೂರು ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡ್ತಿದೆ ನಿಜ, ಆದ್ರೆ ಕಿವಿಯೊಳಗಿನ ಬಳೆಗೆ ಓಟ ಬೇಡ, ತಿರುಗೋದು ಎಷ್ಟು ಅನ್ನೋದಷ್ಟೇ ಬೇಕು. ಒಂದು ಸುತ್ತಿಗೆ 24 ಗಂಟೆ. ಮನೇಲಿ ಮುಳ್ಳಿನ ಗಡಿಯಾರ ಇದ್ರೆ ಅವಳನ್ನ ಅದರ ಮುಂದೆ ಕೂರಿಸಿ, ಸಣ್ಣ ಮುಳ್ಳು ಒಂದು ಸುತ್ತಿಗೆ 12 ಗಂಟೆ ತಗೊಳ್ಳುತ್ತೆ, ಭೂಮಿ ಅದರ ಅರ್ಧದಷ್ಟು ನಿಧಾನ. ಸಣ್ಣ ಮುಳ್ಳು ಅಲ್ಲಾಡೋದು ಕಣ್ಣಿಗೆ ಕಾಣುತ್ತಾ ಕೇಳಿ. ಆ ಮುಳ್ಳಿನ ಮೇಲೆ ಒಂದು ಇರುವೆ ಕೂತಿದ್ರೆ ಅದಕ್ಕೆ ತಲೆ ತಿರುಗುತ್ತಾ ಕೇಳಿ.


ಸರಸ್ವತಿಪುರಂ_ಅಮ್ಮ:

ಮೇಷ್ಟ್ರೇ, ಇವತ್ತು ಸ್ಕೂಲಿಂದ ಬಂದೋಳು ಬಟ್ಟೇನೂ ಬದಲಾಯಿಸದೆ ಸ್ಟೂಲ್ ಎಳ್ಕೊಂಡು ಹಾಲ್‌ನ ಗಡಿಯಾರದ ಕೆಳಗೆ ಕೂತಿದಾಳೆ. ಅತ್ತೆ ಹಾಲಿನ ಲೋಟ ಹಿಡ್ಕೊಂಡು ಪಕ್ಕದಲ್ಲೇ ಕೂತ್ಕೊಂಡಿದಾರೆ, ಇಬ್ಬರೂ ಸಣ್ಣ ಮುಳ್ಳನ್ನೇ ನೋಡ್ತಿದಾರೆ. ಈಗ ತಾನೇ ಕೇಳಿದ್ಲು, ಇರುವೆಗೂ ಕಿವೀಲಿ ನೀರಿರುತ್ತಾ ಅಂತ.


ಕಿವಿಮಾತು:

ಇರಲ್ಲ ಅಂತ ಹೇಳಿ. ನಮ್ಮಂಥ ಬಳೆ ಇರೋದು ಮೀನು, ಕಪ್ಪೆ, ಹಕ್ಕಿ, ಹಸು ಥರ ಬೆನ್ನುಮೂಳೆ ಇರೋ ಪ್ರಾಣಿಗಳಿಗೆ. ಇರುವೆಗೆ ಬೆನ್ನುಮೂಳೆನೂ ಇಲ್ಲ, ಆ ಬಳೇನೂ ಇಲ್ಲ, ಯಾವ ಕಡೆ ಮೇಲೆ ಯಾವ ಕಡೆ ಕೆಳಗೆ ಅಂತ ಅದು ಕತ್ತು, ಕಾಲಿನ ಕೀಲುಗಳ ಹತ್ರ ಇರೋ ಸಣ್ಣ ಕೂದಲಿಂದ ತಿಳ್ಕೊಳ್ಳುತ್ತೆ. ನಾಳೆ ಮತ್ತೊಂದು ಪ್ರಶ್ನೆ ಬಂದ್ರೆ ಇಲ್ಲೇ ಹಾಕಿ, ಕಾಯ್ತಿರ್ತೀನಿ.